ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಎರಡು ದಿನ

ಶನಿವಾರ ಬೆಳಗ್ಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಇಳಿದು ಸೋಮವಾರ ಬೆಳಗ್ಗೆ ಹೊರಡುವವರು ಏನೇನು ನೋಡಬೇಕು ಅಂತ ಕೇಳಿದರೆ ನಾನು ಈಗಲೂ ಒಂದೇ ಉಸಿರಿಗೆ ಹೇಳಿಬಿಡಬಲ್ಲೆ. ಮೊದಲು ಕಾಲುವೆಯ ದೋಣಿ, ಆಮೇಲೆ ಹೂವಿನ ಮಾರ್ಕೆಟ್ಟು, ಮಧ್ಯಾಹ್ನ ದೊಡ್ಡ ಮ್ಯೂಸಿಯಂ, ಭಾನುವಾರ ಊರಾಚೆಯ ಗಾಳಿಗಿರಣಿ. ಆದರೆ ಮೂವತ್ತು ಚಿಲ್ಲರೆ ವರ್ಷದಲ್ಲಿ ಒಬ್ಬರಿಗೂ ಹೇಳಿಲ್ಲ. ನಾನು ಆ ಊರಿಗೆ ಹೋಗಿದ್ದೆ ಅನ್ನುವುದು ಬೆಂಗಳೂರಿನಲ್ಲಿದ್ದ ನಮ್ಮಣ್ಣನ ಕಿವಿಗೆ ಬೀಳಬಾರದಿತ್ತು, ಅದಕ್ಕೆ. ಅಣ್ಣ ಹೋಗಿ ಈಗ ಮೂರು ವರ್ಷವಾಯಿತು. ಅವನು ಹೋದಮೇಲೆ ಇದನ್ನು ಬರೆಯಲು ಕೂತಿದ್ದೇನೆ ಅಂದರೆ ನನ್ನ ಧೈರ್ಯ ಎಷ್ಟರಮಟ್ಟಿನದು ಅಂತ ನೀವೇ ತಿಳಿದುಕೊಳ್ಳಿ.

ಎಂಬತ್ತರ ದಶಕದ ಕೊನೆಯ ವರ್ಷಗಳು. ನಾವಿದ್ದದ್ದು ನ್ಯೂಯಾರ್ಕಿಗೆ ಹತ್ತಿರದ ಎಡಿಸನ್ ಅನ್ನುವ ಊರಿನ ಒಂದು ಅಪಾರ್ಟ್‌ಮೆಂಟಿನಲ್ಲಿ. ನಮ್ಮ ಯಜಮಾನರು ಇಂಜಿನಿಯರು, ಟ್ರೇನ್ ಹಿಡಿದು ನ್ಯೂಯಾರ್ಕಿಗೆ ಕಮ್ಯೂಟ್ ಮಾಡುತ್ತಿದ್ದರು. ನಾನು ರೂಟ್ ಒನ್ ಹೆದ್ದಾರಿ ಪಕ್ಕದ ಇನ್ಶೂರೆನ್ಸ್ ಆಫೀಸೊಂದರಲ್ಲಿ ಕೂತು ಯಾರ್ಯಾರದೋ ಹೆಸರು, ವಿಳಾಸ, ಹುಟ್ಟಿದ ತಾರೀಖು ದಿನವಿಡೀ ಕಂಪ್ಯೂಟರಿಗೆ ಹಾಕುತ್ತಿದ್ದೆ. ಮಗಳಿಗೆ ಏಳು ವರ್ಷ. ಊರಿಗೆ ಹೋಗುವುದು ಮೂರು ವರ್ಷಕ್ಕೊಂದು ಸಲ.

ಆಗ ನಮ್ಮ ಕನ್ನಡದವರಲ್ಲಿ ಒಂದು ಪದ್ಧತಿ ಇತ್ತು. ಇಂಡಿಯಾಕ್ಕೆ ಹೋಗುವಾಗ ದಾರಿಯಲ್ಲಿ ಯಾವುದಾದರೂ ಯೂರೋಪಿನ ಊರಿನಲ್ಲಿ ಎರಡು ದಿನ ಇಳಿಯುವುದು. ವಿಮಾನ ಹೇಗೂ ಅಲ್ಲಿ ಬದಲಾಯಿಸಬೇಕು, ಅದೇ ಟಿಕೆಟ್ಟಿನಲ್ಲಿ ಇಳಿಯುವುದಕ್ಕೆ ಬಿಡುತ್ತಿದ್ದರು, ಸುಮ್ಮನೆ ಯಾಕೆ ದಂಡ ಮಾಡಬೇಕು ಅನ್ನುವ ಬುದ್ಧಿ. ವಾಪಸ್ ಬಂದಮೇಲೆ ಒಂದು ಶನಿವಾರ ಎಲ್ಲರನ್ನೂ ಊಟಕ್ಕೆ ಕರೆದು, ಬೇಸ್‌ಮೆಂಟಿನ ಗೋಡೆಗೆ ಬಿಳಿ ಬೆಡ್‌ಶೀಟ್ ಕಟ್ಟಿ ಸ್ಲೈಡ್ ತೋರಿಸುವುದು. ಮೊದಲು ಬಿಸಿಬೇಳೆ ಬಾತು, ಆಮೇಲೆ ಯೂರೋಪು. ಪ್ರತಿ ಸ್ಲೈಡಿನಲ್ಲೂ ಆ ಮನೆಯಾಕೆ ಸೀರೆಯ ಮೇಲೆ ಚಳಿಗಾಲದ ಕೋಟು, ಕಾಲಿಗೆ ಸ್ನೀಕರ್ಸು ಹಾಕಿಕೊಂಡು ನಿಂತಿರುತ್ತಿದ್ದರು. ಅವರ ಹಿಂದೆ ಯೂರೋಪು ಸ್ವಲ್ಪ ಸ್ವಲ್ಪ ಕಾಣುತ್ತಿತ್ತು.

ನಾನು ಕಾರ್ಪೆಟ್ಟಿನ ಮೇಲೆ ಹಿಂದುಗಡೆ ಕೂತು ನೋಡುತ್ತಿದ್ದೆ. ಮುಚ್ಚಿಟ್ಟುಕೊಂಡು ಏನು ಪ್ರಯೋಜನ, ನನಗೆ ಹೊಟ್ಟೆ ಉರಿಯುತ್ತಿತ್ತು. ಗೋಪುರ ನೋಡಬೇಕು, ಸೇತುವೆ ನೋಡಬೇಕು ಅಂತಲ್ಲ. ಜೀವನದಲ್ಲಿ ಒಂದು ಸಲವೂ ನಾನು ಬರೀ ನೋಡುವುದಕ್ಕೆ ಅಂತ ಎಲ್ಲಿಗೂ ಹೋದವಳಲ್ಲ. ಚಿಕ್ಕವಳಿದ್ದಾಗ ಮದುವೆಗೆ ಹೋದೆ, ಮುಂಜಿಗೆ ಹೋದೆ, ಅಮ್ಮ ಹೊತ್ತ ಹರಕೆ ತೀರಿಸಲು ಹೋದೆ. ಮದುವೆಯಾದಮೇಲೆ ಏರ್‌ಪೋರ್ಟಿನಿಂದ ಅಪಾರ್ಟ್‌ಮೆಂಟಿಗೆ ಬಂದೆ, ಅಷ್ಟೇ. ಈ ಸಲ ನಾವೂ ಇಳಿಯೋಣ ಅಂತ ನಾನೇ ಹಟ ಹಿಡಿದೆ.

ಇಳಿಯುವವರಿಗೆ ಒಂದು ಜೆರಾಕ್ಸ್ ಹಾಳೆ ಕೊಡುತ್ತಿದ್ದರು. ಯಾವ ಕಾಲದಲ್ಲೋ ಒಬ್ಬ ಡಾಕ್ಟರು ಕೈಯಲ್ಲಿ ಬರೆದದ್ದು, ಮನೆಯಿಂದ ಮನೆಗೆ ದಾಟುತ್ತಾ ಬಂದಿತ್ತು. ಹೋಗಿ ಬಂದವರು ಅಂಚಿನಲ್ಲಿ ತಮ್ಮದೊಂದು ಸಾಲು ಸೇರಿಸಬೇಕು ಅನ್ನುವುದು ನಿಯಮ. ‘ದೋಣಿಯಲ್ಲಿ ಎಡಗಡೆ ಕೂರಿ.’ ‘ಮ್ಯೂಸಿಯಂಗೆ ಒಂದೂವರೆ ಗಂಟೆ ಸಾಕು.’ ‘ಮೊದಲ ದಿನಕ್ಕೆ ಚಿತ್ರಾನ್ನ ಕಟ್ಟಿಕೊಳ್ಳಿ, ಎರಡನೇ ದಿನಕ್ಕೆ ಚಪಾತಿ.’ ‘ಚಿಪ್ಸ್ ಯಾವ ಎಣ್ಣೆಯಲ್ಲಿ ಕರಿದದ್ದು ಕೇಳಿ ತಿನ್ನಿ.’ ನಾನು ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಎರಡು ತಿಂಗಳು ಓದಿದೆ. ವೀಸಾಕ್ಕೆ ಮ್ಯಾನ್‌ಹ್ಯಾಟನ್ನಿನಲ್ಲಿ ಕ್ಯೂ ನಿಲ್ಲಲು ಆಫೀಸಿಗೆ ಜ್ವರ ಅಂತ ಸುಳ್ಳು ಹೇಳಿದೆ. ಆ ಪ್ರಯಾಣಕ್ಕೆ ನಾನು ಹೇಳಿದ ಮೊದಲ ಸುಳ್ಳು ಅದು.

ಶುಕ್ರವಾರ ಸಂಜೆ ವಿಮಾನ ಅಂದರೆ ಆ ಮಂಗಳವಾರ ಬೆಳಗ್ಗೆ ಅಣ್ಣನ ಫೋನು ಬಂತು. ನಾನು ಮಗಳಿಗೆ ಜಡೆ ಹಾಕುತ್ತಿದ್ದೆ. ಅಲ್ಲಿ ಆಗ ಸಂಜೆ. ಮನೆ ಹತ್ತಿರದ ಬೂತಿನಿಂದ ಮಾಡಿದ್ದ.

“ಅಮ್ಮನಿಗೆ ಸ್ವಲ್ಪ ಹುಷಾರಿರ್ಲಿಲ್ಲ ಕಣೇ. ಎಡಗೈ ಜೋಮು ಹಿಡಿದ ಹಾಗಾಗಿತ್ತು. ಎರಡು ದಿನ ನರ್ಸಿಂಗ್ ಹೋಮಿನಲ್ಲಿದ್ರು, ಈಗ ಮನೆಗೆ ಕರ್ಕೊಂಡು ಬಂದಿದೀವಿ. ಗಾಬರಿ ಪಡೋದೇನಿಲ್ಲ. ಮಾತಾಡ್ತಾರೆ, ತಿಂತಾರೆ. ನೀವು ನಿಧಾನವಾಗಿ ಬನ್ನಿ.”

ಇಲ್ಲಿ ನಮ್ಮಣ್ಣನ ವಿಷಯ ಒಂದು ಹೇಳಬೇಕು. ದೂರದಲ್ಲಿರುವವರಿಗೆ ಕೆಟ್ಟ ಸುದ್ದಿ ಹೇಳಬಾರದು ಅನ್ನುವುದು ನಮ್ಮ ಮನೆಯಲ್ಲಿ ನಡೆದುಬಂದದ್ದು, ಅಣ್ಣ ಅದನ್ನು ವ್ರತದ ಹಾಗೆ ಪಾಲಿಸುತ್ತಿದ್ದ. ನಾನು ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದಾಗ ‘ಅಪ್ಪನಿಗೆ ಜ್ವರ, ಒಂದು ಸಲ ಬಂದು ಹೋಗು’ ಅಂತ ಟೆಲಿಗ್ರಾಂ ಕೊಟ್ಟವನು ಇವನೇ. ಬಸ್ಸಿಳಿದು ನಮ್ಮ ಬೀದಿಗೆ ತಿರುಗಿದರೆ ಮನೆ ಮುಂದೆ ಬೆಂಕಿ ಹಾಕಿದ್ದರು. ಅಣ್ಣ ‘ಏನಿಲ್ಲ’ ಅಂದರೆ ಏನೋ ಇದೆ ಅಂತ ಅರ್ಥ. ಲೋಕದಲ್ಲಿ ಇದು ಯಾರಿಗಾದರೂ ಗೊತ್ತಿದ್ದರೆ ನನಗೆ ಗೊತ್ತಿತ್ತು.

ಮಧ್ಯಾಹ್ನ ಯಜಮಾನರು ನನ್ನ ಆಫೀಸಿಗೆ ಫೋನ್ ಮಾಡಿದರು. ಅವರೇ ಮುಂದಾಗಿ ಫ್ಲೋರಲ್ ಪಾರ್ಕಿನ ನಮ್ಮ ಟ್ರಾವೆಲ್ ಏಜೆಂಟರನ್ನು ವಿಚಾರಿಸಿದ್ದರಂತೆ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನಿಲ್ಲದೆ ಅವತ್ತೇ ಬಾಂಬೆ ವಿಮಾನ ಹತ್ತಿಬಿಟ್ಟರೆ ಮೂರು ಸೀಟು ಇದೆ, ಭಾನುವಾರ ಬೆಳಗ್ಗೆಯೇ ಬೆಂಗಳೂರು. ಐದು ಗಂಟೆಯೊಳಗೆ ಹೇಳಬೇಕು.

“ನಿಲ್ಲೋದು ಬೇಡ ಅನ್ಸತ್ತೆ ನನಗೆ” ಅಂದರು.

“ಅಣ್ಣನೇ ಹೇಳಿದಾನಲ್ಲ, ಮನೆಗೆ ಬಂದಿದಾರೆ ಅಂತ. ಎರಡು ದಿನದಲ್ಲಿ ಏನಾಗತ್ತೆ?”

“ನಿಮ್ಮಮ್ಮ. ನೀನೇ ಯೋಚನೆ ಮಾಡಿ ಹೇಳು.”

ನಾನು ಯೋಚನೆ ಮಾಡಿದೆ. ಒಂದು ಹೆಸರು, ಒಂದು ವಿಳಾಸ ಟೈಪ್ ಮಾಡುವಷ್ಟು ಹೊತ್ತು ಮಾಡಿದೆ. ಅಣ್ಣನ ಮಾತನ್ನು ನಂಬಬೇಕು ಅನ್ನಿಸಿತು, ನಂಬಿದೆ. ಟಿಕೆಟ್ ಇದ್ದ ಹಾಗೇ ಇರಲಿ ಅಂದೆ. ಅವರು ಆಯಿತು ಅಂತ ಫೋನಿಟ್ಟರು. ಮುಂದೆ ಯಾವತ್ತೂ, ಜಗಳದಲ್ಲಿ ಕೂಡ, ಅವರು ಈ ಮಾತನ್ನು ಎತ್ತಿ ಆಡಲಿಲ್ಲ. ಎತ್ತಿ ಆಡಿದ್ದರೇ ಚೆನ್ನಾಗಿತ್ತು ಅಂತ ಎಷ್ಟೋ ಸಲ ಅನ್ನಿಸಿದೆ.

ಮಾರನೇ ಬೆಳಗ್ಗೆ ನಾನೇ ಅಣ್ಣನ ಪಕ್ಕದ ಮನೆಗೆ ಫೋನ್ ಮಾಡಿ ಅವನನ್ನು ಕರೆಸಿದೆ. “ಮಂಗಳವಾರ ಬೆಳಗ್ಗೆ ಬರ್ತೀವಿ ಅಣ್ಣ. ಅದಕ್ಕಿಂತ ಮುಂಚೆ ಸೀಟೇ ಇಲ್ಲ.” ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆ ಕಾಲದ ಫೋನಿನಲ್ಲಿ ಮಾತು ಹೋಗಿ ಬರುವುದಕ್ಕೆ ತಡವಾಗುತ್ತಿತ್ತು, ಅದೇ ಇರಬೇಕು ಅಂದುಕೊಂಡೆ. “ಆಗ್ಲಿ ಬಿಡು. ಅವಸರ ಏನಿಲ್ಲ” ಅಂದ. ನಾನು ಒಂದು ಸುಳ್ಳು ಹೇಳಿದೆ, ಅವನೊಂದು ಹೇಳಿದ. ಇಬ್ಬರಲ್ಲಿ ಒಬ್ಬರು ನಿಜ ಹೇಳಿದ್ದರೂ ಸಾಕಾಗಿತ್ತು.

ಆಮ್‌ಸ್ಟರ್‌ಡ್ಯಾಮ್ ಚೆನ್ನಾಗಿತ್ತು. ಚೆನ್ನಾಗಿರಲಿಲ್ಲ, ಮನಸ್ಸೆಲ್ಲ ಅಮ್ಮನ ಹತ್ತಿರವೇ ಇತ್ತು ಅಂತ ಬರೆದರೆ ಓದುವುದಕ್ಕೆ ಹಿತವಾಗಿರುತ್ತದೆ, ಆದರೆ ಅದು ನಿಜವಲ್ಲ. ಏಪ್ರಿಲ್ಲಿನ ಚಳಿಗಾಳಿ, ಎಳೆ ಬಿಸಿಲು. ಹೂವಿನ ಮಾರ್ಕೆಟ್ಟಿನಲ್ಲಿ ಟ್ಯೂಲಿಪ್ಪುಗಳನ್ನು ನಮ್ಮಲ್ಲಿ ಸೊಪ್ಪಿನ ಕಂತೆ ಜೋಡಿಸಿದ ಹಾಗೆ ಬಕೆಟ್ಟುಗಳಲ್ಲಿ ಜೋಡಿಸಿದ್ದರು. ಮ್ಯೂಸಿಯಮ್ಮಿನಲ್ಲಿ ಒಂದು ಚಿತ್ರ, ಒಬ್ಬ ಹೆಂಗಸು ಕಿಟಕಿ ಪಕ್ಕ ನಿಂತು ಕೆಲಸ ಮಾಡುತ್ತಿದ್ದಳು, ಅಷ್ಟೇ; ಅದರ ಮುಂದೆ ನಾನು ಎಷ್ಟು ಹೊತ್ತು ನಿಂತೆ ಅಂದರೆ ಒಂದೂವರೆ ಗಂಟೆ ಅಲ್ಲೇ ಮುಗಿಯಿತು. ಹೊರಗೆ ಬೆಂಚಿನ ಮೇಲೆ ಕೂತು ಚಿತ್ರಾನ್ನ ತಿಂದೆವು. ಯಾರ ಮದುವೆಯೂ ಇಲ್ಲ, ಯಾರಿಗೂ ಬಡಿಸಬೇಕಾಗಿಲ್ಲ, ಯಾರೂ ನನ್ನನ್ನು ಕಾಯುತ್ತಿಲ್ಲ. ಹಾಗಂತ ಅಂದುಕೊಂಡು ನಾನು ಖುಷಿಯಾಗಿದ್ದೆ.

ದೋಣಿಯಲ್ಲಿ ಎಡಗಡೆಯೇ ಕೂತೆವು. ಕಾಲುವೆಯ ಅಕ್ಕಪಕ್ಕದ ಮನೆಗಳೆಲ್ಲ ಸಪೂರ, ತುಸು ಮುಂದಕ್ಕೆ ವಾಲಿಕೊಂಡಿವೆ. ಒಂದೊಂದು ಮನೆಯ ನೆತ್ತಿಯಲ್ಲೂ ಒಂದು ಕಬ್ಬಿಣದ ಕೊಕ್ಕೆ. ಒಳಗೆ ಮೆಟ್ಟಿಲು ಇಕ್ಕಟ್ಟು, ಅದಕ್ಕೆ ಮಂಚ ಬೀರು ಎಲ್ಲವನ್ನೂ ಹಗ್ಗ ಕಟ್ಟಿ ಕಿಟಕಿಯಿಂದ ಎಳೆದುಕೊಳ್ಳುತ್ತಾರೆ ಅಂತ ಗೈಡು ಹೇಳಿದಳು. ನನ್ನ ಮಗಳು ಅದನ್ನೇ ಯೋಚಿಸುತ್ತಿದ್ದಳೋ ಏನೋ, ಸ್ವಲ್ಪ ಹೊತ್ತಾದಮೇಲೆ, ಮೇಲಿನ ಮನೆಯಲ್ಲಿ ಅಜ್ಜಿಗೆ ಹುಷಾರು ತಪ್ಪಿದರೆ ಅವರನ್ನೂ ಕೊಕ್ಕೆಗೆ ಕಟ್ಟಿ ಇಳಿಸುತ್ತಾರಾ ಅಂತ ಇಂಗ್ಲಿಷಿನಲ್ಲಿ ಕೇಳಿದಳು. ಯಜಮಾನರು ನನ್ನ ಮುಖ ನೋಡಿದರು. ನಾನು ನೀರು ನೋಡಿದೆ.

ಸಂಜೆ ಹೋಟೆಲಿಗೆ ಬಂದಮೇಲೆ ಅವರು ಬೆಂಗಳೂರಿಗೆ ಒಂದು ಫೋನ್ ಮಾಡೋಣ ಅಂದರು. “ಆಮ್‌ಸ್ಟರ್‌ಡ್ಯಾಮಿಂದ ಕಾಲ್ ಬಂದಿದೆ ಅಂತ ಆಪರೇಟರ್ ಹೇಳಿಬಿಟ್ರೆ?” ಅಂದೆ. ನಾವು ಎಡಿಸನ್ನಿನಲ್ಲೇ ಇದ್ದೇವೆ, ಸೀಟು ಸಿಗದೆ ಕಾಯುತ್ತಿದ್ದೇವೆ ಅಂತ ಅಣ್ಣನ ಲೆಕ್ಕ. ಫೋನ್ ಮಾಡಲಿಲ್ಲ.

ಭಾನುವಾರ ಗಾಳಿಗಿರಣಿ. ಸುತ್ತ ಬಯಲು, ತಲೆಯ ಸ್ಕಾರ್ಫು ಹಾರಿಹೋಗುವಷ್ಟು ಗಾಳಿ. ಮಧ್ಯಾಹ್ನ ಮೂರು ಗಂಟೆ. ನಾನು ರೆಕ್ಕೆಗಳ ಕೆಳಗೆ ಮಗಳ ಜೊತೆ ನಿಂತುಕೊಂಡು, ಇನ್ನೂ ಹಿಂದೆ ಹೋಗಿ, ಪೂರ್ತಿ ಬರಬೇಕು, ಇನ್ನೂ ಹಿಂದೆ ಅಂತ ಕ್ಯಾಮೆರಾ ಹಿಡಿದಿದ್ದ ಯಜಮಾನರಿಗೆ ಕೂಗಿ ಹೇಳುತ್ತಿದ್ದೆ. ಟೈಮು ನನಗೆ ಸರಿಯಾಗಿ ನೆನಪಿರುವುದು ಯಾಕೆ ಅಂದರೆ ಮೂರೂವರೆ ಬಸ್ಸು ತಪ್ಪುತ್ತದೆ ಅಂತ ಅವರು ವಾಚು ನೋಡಿದರು.

ಬಾಂಬೆಗೆ ಹೋಗುವ ವಿಮಾನದಲ್ಲಿ ಮಗಳಿಗೆ ಪಾಠ ಹೇಳಿಕೊಟ್ಟೆ. ದೋಣಿ ವಿಷಯ ಎತ್ತಬಾರದು, ಗಾಳಿಗಿರಣಿ ವಿಷಯ ಎತ್ತಬಾರದು, ಮಾಮ ಕೇಳಿದರೆ ಎಲ್ಲೂ ಉಳಿಯದೆ ನೇರ ಬಂದೆವು ಅನ್ನಬೇಕು. ಯಾಕೆ ಅಂದಳು. ಮಾಮನಿಗೆ ಬೇಜಾರಾಗತ್ತೆ ಅಂದೆ. ತಲೆಯಾಡಿಸಿದಳು. ಅವಳು ಶಾಲೆಯಲ್ಲಿ ಸುಳ್ಳು ಹೇಳಿದರೆ ಗದರಿಸುತ್ತಿದ್ದವಳು ನಾನೇ.

ಬೆಂಗಳೂರಿನ ಏರ್‌ಪೋರ್ಟಿಗೆ ಬಂದಿದ್ದ ಅಣ್ಣನ ಗಡ್ಡ ಬೆಳೆದಿತ್ತು. ಟ್ಯಾಕ್ಸಿಯಲ್ಲಿ ಹವಾಮಾನದ ಮಾತು, ವಿಮಾನದ ಮಾತು. ಮನೆಯ ಗೇಟು ತೆಗೆಯುವಾಗ ಮಾತ್ರ, “ನಿನ್ನೆ ಮೊನ್ನೆಯಿಂದ ಸ್ವಲ್ಪ ಜಾಸ್ತಿ ಆಗಿದೆ ಕಣೇ, ಗಟ್ಟಿಯಾಗಿರು” ಅಂದ.

ಅಮ್ಮ ನಡುಮನೆಯ ಮಂಚದ ಮೇಲಿದ್ದರು. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ಕಣ್ಣು ತೆರೆದೇ ಇತ್ತು, ಆದರೆ ನನ್ನ ಮೇಲೆ ನಿಲ್ಲಲಿಲ್ಲ. ಅಮ್ಮಾ ಅಂದೆ, ನಾನು ಬಂದಿದೀನಿ ಅಂದೆ, ಮೊಮ್ಮಗಳನ್ನು ಹತ್ತಿರ ಎಳೆದು ತೋರಿಸಿದೆ. ಕೈ ಹಿಡಿದರೆ ನೀರಲ್ಲಿ ನೆನೆಸಿದ ಬಟ್ಟೆಯ ಹಾಗೆ ಭಾರವಾಗಿತ್ತು.

ಅತ್ತಿಗೆ ಕಾಫಿ ಕೊಡುತ್ತಾ ಹೇಳಿದರು. ಭಾನುವಾರ ಬೆಳಗ್ಗೆ ಅಮ್ಮ ಎದ್ದು ದಿಂಬಿಗೆ ಒರಗಿ ಕೂತಿದ್ದರಂತೆ. ಒಂದು ಇಡ್ಲಿ ತಿಂದು, ತಲೆ ಬಾಚು ಅಂತ ಬಾಚಿಸಿಕೊಂಡು, ಬೇರೆ ಸೀರೆ ಉಡಿಸು ಅಂದರಂತೆ. “ನಾಲ್ಕು ಸಲ ಕೇಳಿದ್ರು ನೋಡಿ, ಬಂದ್ಲಾ ಅಂತ. ಮಂಗಳವಾರ ಬರ್ತಾರೆ ಅಂದ್ರೆ, ಇವತ್ತೇನು ವಾರ ಅಂತ ಕೇಳೋರು. ಏನೇನೋ ಹೇಳ್ಬೇಕು ಅವಳಿಗೆ ಅಂತಿದ್ರು. ಸಂಜೆ ನಾನು ದೇವರ ದೀಪ ಹಚ್ಚಿ ಬರೋಷ್ಟರಲ್ಲಿ ಇನ್ನೊಂದು ಸಲ ಸ್ಟ್ರೋಕ್ ಆಗಿತ್ತು.” ದೀಪ ಹಚ್ಚುವ ಹೊತ್ತು, ಆರೂವರೆ. ನಾನು ಕಾಫಿ ಲೋಟ ಹಿಡಿದುಕೊಂಡೇ ಅಲ್ಲಿಗೂ ಇಲ್ಲಿಗೂ ಇರುವ ಮೂರೂವರೆ ಗಂಟೆಯ ವ್ಯತ್ಯಾಸ ಕಳೆದು ಲೆಕ್ಕ ಹಾಕಿದೆ. ಮೂರು. ನಾನು ಇನ್ನೂ ಹಿಂದೆ ಹೋಗಿ ಅಂತ ಕೂಗುತ್ತಿದ್ದೆ.

ಒಂಬತ್ತು ದಿನ ಅಮ್ಮ ಹಾಗೇ ಇದ್ದರು. ಒಂಬತ್ತು ದಿನವೂ ನಾನು ಪಕ್ಕದಲ್ಲಿ ಕೂತಿದ್ದೆ, ಎಲ್ಲರೂ ಹೊಗಳುವಷ್ಟು ಸೇವೆ ಮಾಡಿದೆ. ಏನು ಹೇಳಬೇಕು ಅಂದುಕೊಂಡಿದ್ದರೋ ಅದು ಅವರ ಜೊತೆಗೇ ಹೋಯಿತು. ದೊಡ್ಡ ವಿಷಯ ಏನೂ ಇರಲಿಕ್ಕಿಲ್ಲ. ಯಾರಿಗೋ ಹೆಣ್ಣು ಮಗು ಆಯಿತು, ಯಾರೋ ಮನೆ ಮಾರಿದರು, ನೀನು ಯಾಕೆ ಇಷ್ಟು ಬಡವಾಗಿದ್ದೀಯ, ಅಂಥದ್ದೇ ಇರಬೇಕು. ಅದೇ ನನಗೆ ಬೇಕಾಗಿತ್ತು.

ಹದಿಮೂರನೇ ದಿನದ ಊಟ ಮುಗಿದಮೇಲೆ ಅಣ್ಣ ನನ್ನನ್ನು ಹಿತ್ತಲಿಗೆ ಕರೆದ. ಒಗೆಯುವ ಕಲ್ಲಿನ ಮೇಲೆ ಕೂತು ತಲೆ ತಗ್ಗಿಸಿಕೊಂಡು ಹೇಳಿದ. “ತಪ್ಪಾಯ್ತು ಕಣೇ. ಡಾಕ್ಟರು ಮೊದಲ್ನೇ ದಿನವೇ ಹೇಳಿದ್ರು, ಇನ್ನೊಂದು ಸಲ ಆದ್ರೆ ಕಷ್ಟ ಅಂತ. ದೂರದಲ್ಲಿದ್ದೀಯ, ಗಾಬರಿ ಪಡ್ತೀಯ ಅಂತ ಮುಚ್ಚಿಟ್ಟೆ. ನಿಜ ಹೇಳಿದ್ದಿದ್ರೆ ನೀನು ಯಾರ ಕೈಕಾಲು ಹಿಡಿದಾದ್ರೂ ಸೀಟು ಮಾಡ್ಕೊಂಡು ಭಾನುವಾರ ಬೆಳಗ್ಗೆ ಇಲ್ಲಿರ್ತಿದ್ದೆ.”

ಆಗ ಹೇಳಬೇಕಾಗಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಯಾರೋ ಕರೆದರು, ಮಗು ಅತ್ತಿತು, ಅಷ್ಟರಲ್ಲಿ ಏನೋ ಆಯಿತು ಅಂತ ಬರೆಯಬಹುದು. ಯಾರೂ ಕರೆಯಲಿಲ್ಲ, ಏನೂ ಆಗಲಿಲ್ಲ. ನಾನೇ ಹೇಳಲಿಲ್ಲ. “ಹೋಗ್ಲಿ ಬಿಡಣ್ಣ” ಅಂದೆ.

ಎಡಿಸನ್ನಿಗೆ ವಾಪಸ್ ಬಂದಮೇಲೆ ಸ್ಲೈಡ್ ಯಾವಾಗ ಅಂತ ಯಾರೂ ಕೇಳಲಿಲ್ಲ, ತಾಯಿ ಹೋದ ಮನೆಯವರನ್ನು ಹೇಗೆ ಕೇಳುತ್ತಾರೆ. ಫಿಲ್ಮನ್ನು ಡೆವಲಪ್ ಮಾಡಿಸಲಿಲ್ಲ. ಜೆರಾಕ್ಸ್ ಹಾಳೆಯನ್ನು ಕೆಂಡಲ್ ಪಾರ್ಕಿನ ಒಂದು ಸಂಸಾರ ಕೇಳಿ ತೆಗೆದುಕೊಂಡು ಹೋಯಿತು, ನನ್ನ ಸಾಲು ಸೇರಿಸದೇ ಕೊಟ್ಟೆ.

ಅಣ್ಣ ಮಾತ್ರ ಆ ಮಾತನ್ನು ಬಿಡಲಿಲ್ಲ. ಹಬ್ಬಕ್ಕೆ ಫೋನ್ ಮಾಡಿದರೆ, ಅಮ್ಮನ ತಿಥಿಗೆ ಫೋನ್ ಮಾಡಿದರೆ, ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತಿದ್ದ. ಅವನಿಗೆ ರಾತ್ರಿ ನಿದ್ದೆ ಬರುವುದಿಲ್ಲ, ಬೀಪಿ ಏರಿದೆ ಅಂತ ಅತ್ತಿಗೆ ಕಾಗದ ಬರೆದರು. ನನ್ನ ಒಂದು ವಾಕ್ಯದಲ್ಲಿ ಇಳಿಯುವ ಬೀಪಿ ಅದು. ನಾನು ಕಡಿಮೆ ಉಪ್ಪು ಹಾಕಿ ಅಂತ ಉತ್ತರ ಬರೆದೆ.

ತೊಂಬತ್ತರ ದಶಕದ ಮೊದಲಲ್ಲಿ, ರಿಟೈರ್ ಆದಮೇಲೆ, ಅಣ್ಣ ಒಬ್ಬನೇ ಆರು ವಾರಕ್ಕೆ ನಮ್ಮಲ್ಲಿಗೆ ಬಂದ. ಆ ಆರು ವಾರ ನನ್ನ ಪಾಡು ಯಾರಿಗೂ ಬೇಡ. ನಾವು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಇಳಿದದ್ದು ಇಲ್ಲಿನ ಎಲ್ಲರಿಗೂ ಗೊತ್ತು. ಯಾರಾದರೂ ಒಬ್ಬರು ಬಾಯಿತಪ್ಪಿ ಅಂದುಬಿಟ್ಟರೆ? ಯಾರ ಮನೆಗೂ ಅವನನ್ನು ಕರೆದುಕೊಂಡು ಹೋಗಲಿಲ್ಲ, ಯಾರನ್ನೂ ಊಟಕ್ಕೆ ಕರೆಯಲಿಲ್ಲ. “ಇಷ್ಟು ವರ್ಷ ಆಯ್ತು, ನಿನಗೆ ಇಲ್ಲಿ ನಮ್ಮ ಜನ ಅಷ್ಟಾಗಿ ಇಲ್ಲ ಅಂತ ಕಾಣತ್ತೆ, ಪಾಪ” ಅಂದ. ಅವನು ಬರುವ ಹಿಂದಿನ ದಿನ ಮಗಳಿಗೆ ಹೇಗೆ ಮಾತು ತೆಗೆಯಲಿ ಅಂತ ಅವಳ ರೂಮಿನ ಬಾಗಿಲಲ್ಲಿ ನಿಂತಿದ್ದೆ. ಅವಳಿಗೆ ಆಗ ಹನ್ನೊಂದು. ಪುಸ್ತಕದಿಂದ ತಲೆ ಎತ್ತದೆ, “ಐ ನೋ, ಮಾಮ್. ನೋ ಬೋಟ್ಸ್” ಅಂದಳು.

ಹೊರಡುವ ಮುಂಚಿನ ಭಾನುವಾರ ಅಣ್ಣನಿಗೆ ಲಿಬರ್ಟಿ ಪ್ರತಿಮೆ ತೋರಿಸಿಕೊಂಡು ಬಂದೆವು. ವಾಪಸ್ ಬರುವ ಫೆರಿಯಲ್ಲಿ ಮಗಳು ಮೇಲಿನ ಡೆಕ್ಕಿಗೆ ಹೋಗಿದ್ದಳು, ನಾವು ಮೂವರು ಕೆಳಗೆ ಬೆಂಚಿನ ಮೇಲೆ ಕೂತಿದ್ದೆವು. ಅಣ್ಣ ಮಫ್ಲರ್ ಸರಿಮಾಡಿಕೊಂಡು ಶುರುಮಾಡಿದ.

“ನಾನು ಈ ದೇಶ ನೋಡೋಕೆ ಅಂತ ಬಂದವನಲ್ಲ ಕಣೇ. ನಿನ್ನ ಎದುರು ಕೂತು ಒಂದು ಮಾತು ಕೇಳ್ಬೇಕಾಗಿತ್ತು, ಫೋನಿನಲ್ಲಿ ಕೇಳೋದಲ್ಲ ಅದು. ಅಮ್ಮನ ಕೊನೇ ಮಾತು ನಿನಗೆ ಸಿಗದ ಹಾಗೆ ಮಾಡಿದೋನು ನಾನು. ಹೋಗ್ಲಿ ಬಿಡು ಅಂತ ನೀನು ಪ್ರತಿಸಲ ಅಂತೀಯ. ಅದು ಬೇಡ. ಕ್ಷಮಿಸಿದೀನಿ ಅಂತ ಒಂದು ಸಲ ಬಾಯಿಬಿಟ್ಟು ಹೇಳು. ನಾನು ನೆಮ್ಮದಿಯಾಗಿ ಊರಿಗೆ ಹೋಗ್ತೀನಿ.”

ಯಜಮಾನರು ಎದ್ದು ಹೋಗಿ ಕಂಬಿ ಹಿಡಿದುಕೊಂಡು ನಮಗೆ ಬೆನ್ನು ಮಾಡಿ ನಿಂತರು. ಹೇಳಿಬಿಟ್ಟರೆ ಅಣ್ಣನ ಭಾರ ಇಳಿಯುತ್ತದೆ, ಆದರೆ ನನಗೆ ಅಣ್ಣ ಇರುವುದಿಲ್ಲ. ಅಮ್ಮ ಹೋದಮೇಲೆ ನನಗೆ ತವರು ಅಂತ ಇದ್ದದ್ದು ಅವನೊಬ್ಬನೇ. ನನಗೆ ಹೆದರಿಕೆಯಾಯಿತು. ಆ ಹೆದರಿಕೆಯಲ್ಲಿ ಅವನ ಕೈ ಹಿಡಿದುಕೊಂಡೆ.

“ಕ್ಷಮಿಸಿದೀನಿ ಅಣ್ಣ” ಅಂದೆ.

ಅಣ್ಣ ಮಫ್ಲರಿನ ತುದಿಯಿಂದ ಕಣ್ಣೊರೆಸಿಕೊಂಡ. ನನ್ನ ತಲೆ ಮೇಲೆ ಕೈಯಿಟ್ಟು, “ನಿನ್ನದು ಅಮ್ಮನ ಮನಸ್ಸು ಕಣೇ” ಅಂದ.